ಬಾಗಿಲ ತನಕದ ಬಡಿತ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಒಂದು ಚರ್ಚಿನಲ್ಲಿ ಭಾನುವಾರ ಹಾಡು ಶುರುವಾಯಿತೆಂದರೆ ಎಲ್ಲರ ಕೈಗಳೂ ಚಪ್ಪಾಳೆಗೆ ಏಳುತ್ತವೆ. ಬಲಗಡೆಯ ಕಂಬದ ಪಕ್ಕ, ಫ್ಯಾನಿನ ಗಾಳಿ ಅರ್ಧಂಬರ್ಧ ಬರುವ ಜಾಗದಲ್ಲಿ ಕೂತ ಒಬ್ಬರ ಕೈಗಳು ಮಾತ್ರ ಏಳುವುದಿಲ್ಲ. ಅವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, ಮೇಷ್ಟರ ಹತ್ತಿರ ಬೈಸಿಕೊಂಡ ಹುಡುಗನ ಹಾಗೆ ಕೂತಿರುತ್ತಾರೆ. ಭಕ್ತಿ ಕಡಿಮೆ ಇರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅಯ್ಯೋ, ಭಕ್ತಿಗೇನೂ ಬರ ಬಂದಿಲ್ಲ! ಆ ಕೈಗಳನ್ನು ಬಿಟ್ಟರೆ ಅವು ಚಪ್ಪಾಳೆ ತಟ್ಟಿ ಸುಮ್ಮನಾಗುವ ಕೈಗಳಲ್ಲ, ಅದೇ ತೊಂದರೆ.

ಅವರ ಹೆಸರು ತಾಯಪ್ಪ. ಚರ್ಚಿನಲ್ಲಿ, ತೆಲುಗಿನ ಮರ್ಯಾದೆ ಸೇರಿಸಿ, ದಾನಿಯೇಲು ಗಾರು. ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್ ಆಗಿದ್ದು ದುವ್ವಾಡದಲ್ಲಿ ನಿವೃತ್ತರಾದವರು. ಹುಟ್ಟಿದ್ದು ರಾಯಚೂರು ಜಿಲ್ಲೆ, ಮಾನ್ವಿ ಕಡೆಯ ಒಂದು ಹಳ್ಳಿಯ ಮಾದಿಗರ ಕೇರಿಯಲ್ಲಿ. ಆ ಊರಿನಲ್ಲಿ ಅವರನ್ನಾಗಲಿ ಅವರಪ್ಪನನ್ನಾಗಲಿ ಒಬ್ಬನೇ ಒಬ್ಬನೂ ಬಹುವಚನದಲ್ಲಿ ಮಾತಾಡಿಸಿದವನಲ್ಲ. ಇಲ್ಲಿ ನಾವು ಮಾತಾಡಿಸೋಣ. ನಮ್ಮ ಗಂಟೇನೂ ಹೋಗುವುದಿಲ್ಲ.

ಅಪ್ಪ ಹುಸೇನಪ್ಪನವರು ಊರಿನ ಹಲಗೆಯವರು. ಹಲಗೆ ಅಂದರೆ ದುಂಡನೆಯ ಮರದ ಬಳೆಗೆ ಚರ್ಮ ಬಿಗಿದು, ಎಡಗೈಯಲ್ಲಿ ಬಿದಿರ ಸೀಳು, ಬಲಗೈಯಲ್ಲಿ ಮೋಟು ಕೋಲು ಹಿಡಿದು ಬಾರಿಸುವುದು. ತೆಲುಗಿನವರು ದಪ್ಪು ಅನ್ನುತ್ತಾರೆ. ಊರಿಗೆ ಹಲಗೆ ಎಲ್ಲದಕ್ಕೂ ಬೇಕು, ಮದುವೆಗೆ, ದೇವರ ಪಲ್ಲಕ್ಕಿಗೆ, ಡಂಗುರಕ್ಕೆ, ಸಾವಿಗೆ. ಅದನ್ನು ಬಾರಿಸುವವನು ಮಾತ್ರ ಯಾವುದಕ್ಕೂ ಬೇಡ.

ಹುಸೇನಪ್ಪನವರ ಹಲಗೆಯಲ್ಲಿ ಬಡಿತಗಳು ಹಲವು. ಅವುಗಳಲ್ಲಿ ಎರಡನ್ನು ನೀವು ನೆನಪಿಟ್ಟುಕೊಂಡರೆ ಸಾಕು. ಒಂದು, ಎದುರುಗೊಳ್ಳುವ ಬಡಿತ. ಪಲ್ಲಕ್ಕಿ ಬರಲಿ, ಊರ ಗೌಡರು ಹೊಸ ಸೊಸೆಯನ್ನು ಕರೆದುಕೊಂಡು ಗುಡಿಗೆ ಬರಲಿ, ಹಲಗೆಯವರು ಮುಂದೆ ಮುಂದೆ ಬಾರಿಸುತ್ತ ಗುಡಿಯ ಬಾಗಿಲ ತನಕ ನಡೆಯಬೇಕು. ಮೆಟ್ಟಿಲು ಬಂತೋ, ಬಡಿತ ಕತ್ತರಿಸಿದ ಹಾಗೆ ನಿಲ್ಲಬೇಕು, ಕಾಲು ಪಕ್ಕಕ್ಕೆ ಸರಿಯಬೇಕು. ಉಳಿದವರು ಒಳಗೆ ಹೋಗುತ್ತಾರೆ. ಇನ್ನೊಂದು ಮಣ್ಣಿನ ಬಡಿತ, ಅಂದರೆ ಹೆಣದ ಮುಂದೆ ಬಾರಿಸುವುದು. ಅದಕ್ಕೆ ನಿಲ್ಲುವ ಪದ್ಧತಿಯೇ ಇಲ್ಲ. ಮನೆಯ ಅಂಗಳದಲ್ಲಿ ಹಿಡಿದರೆ ಕುಣಿ ಮುಟ್ಟುವ ತನಕ ಬಿಡುವಂತಿಲ್ಲ. ಹೊತ್ತವರು ಹೆಗಲು ಬದಲಿಸಲಿ, ಹಳ್ಳ ಅಡ್ಡ ಬರಲಿ, ಹಲಗೆಯವನ ಕೈಯೂ ನಿಲ್ಲಬಾರದು, ಕಾಲೂ ನಿಲ್ಲಬಾರದು. ದಾರಿಯಲ್ಲಿ ಕೂತವರು ಆ ಬಡಿತ ಕೇಳಿದ ಕೂಡಲೇ ಎದ್ದು ನಿಲ್ಲುತ್ತಾರೆ. ಯಾರು ಹೋದರು ಎಂದು ಕೇಳುತ್ತಾರೆ. ನಾಲ್ಕು ಹೆಜ್ಜೆ ಹಿಂದೆ ನಡೆದು ಬರುತ್ತಾರೆ.

ಮಗನಿಗೆ ಹುಸೇನಪ್ಪನವರು ಇದನ್ನೆಲ್ಲ ಕಲಿಸಿದ್ದು ಅವನ ಬೆನ್ನ ಮೇಲೆ. ಹುಡುಗನನ್ನು ಮುಂದೆ ಕೂರಿಸಿಕೊಂಡು, ಬೆರಳುಗಳಿಂದ ಬೆನ್ನು ತಟ್ಟುತ್ತ, "ಇದು ಯಾವುದು ಹೇಳು?" ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಒಂದು ಗುದ್ದು, ಸರಿ ಹೇಳಿದರೆ ಎರಡು. ಹೀಗಾಗಿ ತಾಯಪ್ಪನವರಿಗೆ ಹಲಗೆ ಮೊದಲು ಗೊತ್ತಾದದ್ದು ಬೆನ್ನಿಗೆ, ಆಮೇಲೆ ಕೈಗೆ.

ಮೀಸೆ ಚಿಗುರಿದ ವಯಸ್ಸಿನಲ್ಲಿ ಹಳಿ ಹಾಕುವ ಕೂಲಿಯವರ ಗುಂಪಿನ ಜೊತೆ ಅವರು ವಿಜಯವಾಡಕ್ಕೆ ಬಂದರು. ಅಪ್ಪ ಕೊಟ್ಟ ಹಳೆಯ ಹಲಗೆಯೊಂದು ಬೆನ್ನಿಗಿತ್ತು. ಭವಾನಿಪುರಂನಲ್ಲಿ ಕೃಷ್ಣಾ ನದಿಯ ಕಡೆಗೆ ಆಗಿನ್ನೂ ಗುಡಿಸಲುಗಳಿದ್ದವು, ಅಲ್ಲಿ ಉಳಿದರು. ಬಂದ ಹೊಸದರಲ್ಲಿ ಒಂದು ದಿನ ಬೀದಿಯಲ್ಲಿ ಹೆಣ ಹೋಯಿತು. ಮುಂದೆ ದಪ್ಪು. ಭಾಷೆ ಬೇರೆ, ಊರು ಬೇರೆ, ದೇವರ ಹೆಸರೂ ಬೇರೆ, ಆದರೆ ಬಡಿತದ ನಡೆ ಅದೇ. ತಾಯಪ್ಪನವರು ಎದ್ದು ನಿಂತರು, ಕೈಗಳು ಗಾಳಿಯಲ್ಲಿ ತಮ್ಮಷ್ಟಕ್ಕೆ ತಾವೇ ಆಡಿದವು. ಎದುರು ಗುಡಿಸಲಿನ ಹುಡುಗಿ ಅದನ್ನು ನೋಡಿ ಕಿಸಕ್ಕೆಂದಳು. ಆಕೆಯೇ ರಾಜ್ಯಲಕ್ಷ್ಮಿ. ಹೆಸರು ಲಕ್ಷ್ಮಿಯದಾದರೂ ಎರಡು ತಲೆಮಾರಿನ ಕ್ರೈಸ್ತ ಮನೆಯವಳು. ಆ ಕಡೆ ಅದೇನೂ ವಿಶೇಷವಲ್ಲ.

ಹುಡುಗಿಗಾಗಿ ಮತ ಬದಲಿಸಿದ ಅಂತ ಊರಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ನಿಜ ಏನೆಂದರೆ, ರಾಜ್ಯಲಕ್ಷ್ಮಿಯ ಮನೆಯ ಪ್ರಾರ್ಥನಾ ಕೂಟಕ್ಕೆ ಮೊದಲ ಸಲ ಹೋದಾಗ, ಅಲ್ಲಿದ್ದ ಶಾಲಾ ಮೇಷ್ಟರೊಬ್ಬರು ಚಾಪೆಯ ಮೇಲೆ ಸರಿದು, "ಇಲ್ಲಿ ಕೂತ್ಕೋ" ಎಂದು ಪಕ್ಕದ ಜಾಗ ತಟ್ಟಿ ತೋರಿಸಿದರು. ಟೀಯ ಲೋಟವನ್ನು ಕೈಯಿಂದ ಕೈಗೆ ಕೊಟ್ಟರು. ತಾಯಪ್ಪನವರು ಅಲ್ಲಿಯ ತನಕ ಲೋಟವನ್ನು ಯಾವತ್ತೂ ನೆಲದಿಂದ ಎತ್ತಿಕೊಂಡವರು. ಆ ದಿನ ಅವರಿಗೆ ಯೇಸು ಎಲ್ಲಿದ್ದಾನೆ ಎಂದು ಯಾರೂ ಬೋಧಿಸಬೇಕಾಗಲಿಲ್ಲ, ಚಾಪೆಯ ಮೇಲೆಯೇ ಇದ್ದ.

ಆದರೆ ಬ್ಯಾಪ್ಟಿಸಂ ಕೊಡುವ ಅಯ್ಯಗಾರು, ಅಲ್ಲಿ ಪಾದ್ರಿಯನ್ನು ಹಾಗೆ ಕರೆಯುವುದು, ಒಂದು ಕರಾರು ಹಾಕಿದರು. ಹಲಗೆ ಸೈತಾನನ ವಾದ್ಯ, ಅದು ಹೆಂಡದ ಜೊತೆ, ಸಾವಿನ ಜೊತೆ, ಕಲ್ಲು ದೇವರುಗಳ ಜೊತೆ ಓಡಾಡಿದ್ದು. ಹಳೆಯ ಮನುಷ್ಯನನ್ನು ಬಿಡುವವನು ಅದನ್ನೂ ಬಿಡಬೇಕು. ತಾಯಪ್ಪನವರು ಬಿಟ್ಟರು. ಬ್ಯಾಪ್ಟಿಸಂ ದಿನ ನದಿಯ ಮರಳಿನಲ್ಲಿ ಹಲಗೆಯನ್ನು ಸುಟ್ಟರು, ಮುಂದೆಂದೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ನೀರಿಗಿಳಿದರು. ಬೆಂಕಿಯಲ್ಲಿ ಚರ್ಮ ಬಿಗಿದು ಫಟ್ಟೆಂದು ಹರಿಯಿತು. ಎಲ್ಲರೂ ದೇವರಿಗೆ ಸ್ತೋತ್ರ ಎಂದರು.

ಎರಡು ವರ್ಷಕ್ಕೆ ಅಪ್ಪ ಸತ್ತ ಸುದ್ದಿ ಬಂತು. ಅಷ್ಟರಲ್ಲಿ ಮದುವೆಯಾಗಿದ್ದ ರಾಜ್ಯಲಕ್ಷ್ಮಿಯ ಜೊತೆ ಊರಿಗೆ ಹೋದರು. ಚಿಕ್ಕಪ್ಪಂದಿರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು, ಕೇರಿಯಲ್ಲಿ ಹಲಗೆ ಬಲ್ಲ ಗಂಡಸು ಇವರೊಬ್ಬರೇ. ಯಾರೋ ಒಂದು ಹಲಗೆಯನ್ನು ಕಾಯಿಸಿ ತಂದು ಮುಂದೆ ಹಿಡಿದರು. ಕೊಟ್ಟ ಮಾತು ಇನ್ನೂ ಹಸಿಯಾಗಿತ್ತು, ನಂಬಿಕೆ ಹೊಸದು. ತಾಯಪ್ಪನವರು ತಲೆ ಅಲ್ಲಾಡಿಸಿದರು. ಊರಿನ ಎಲ್ಲ ಹೆಣಗಳನ್ನೂ ಮುಂದೆ ನಿಂತು ಮಣ್ಣಿಗೆ ಮುಟ್ಟಿಸಿದ ಹುಸೇನಪ್ಪನವರು ಒಂದು ಬಡಿತವಿಲ್ಲದೆ ಹೋದರು. ವಾಪಸು ಹೊರಟಾಗ ತಾಯಿ ಬೈಯಲಿಲ್ಲ, ಅಳಲಿಲ್ಲ. "ನಿಮ್ಮಪ್ಪ ಸುಮ್ನ ಹೋದ, ತಾಯಪ್ಪ," ಎಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಕೈಗಳು ತೊಡೆಯ ಕೆಳಗೆ.

ಇದಾಗಿ ನಲವತ್ತು ವರ್ಷ ಕಳೆದಿದೆ. ವಿಜಯವಾಡದಿಂದ ದುವ್ವಾಡಕ್ಕೆ ವರ್ಗ, ಕ್ವಾರ್ಟರ್ಸು, ಮಗಳು ಹಿಮಬಿಂದು ಓದಿ ಕೋಚಿಂಗ್ ಸೆಂಟರಿನಲ್ಲಿ ಕೆಮಿಸ್ಟ್ರಿ ಟೀಚರ್ ಆದದ್ದು, ಅವಳ ಮದುವೆ, ನಿವೃತ್ತಿಯ ಮೇಲೆ ಗಂಡ ಹೆಂಡತಿ ಎಂವಿಪಿ ಕಾಲೋನಿಯಲ್ಲಿ ಅವಳ ಫ್ಲ್ಯಾಟಿಗೆ ಬಂದದ್ದು, ಎಲ್ಲ ಆಯಿತು. ಚರ್ಚು ಹತ್ತಿರದಲ್ಲೇ. ಬ್ಯಾಂಕಿನವರು, ಬಂದರಿನವರು, ಕಾಲೇಜಿನವರು ಬರುವ ಮರ್ಯಾದಸ್ಥ ಚರ್ಚು. ಅವರಲ್ಲಿ ಮುಕ್ಕಾಲು ಪಾಲು ಜನರ ಅಜ್ಜಂದಿರು ಇಂಥದೇ ಕೇರಿಗಳಿಂದ ಬಂದವರು, ಆದರೆ ಆ ಮಾತು ಕಾಂಪೌಂಡಿನೊಳಗೆ ಸುಳಿಯಕೂಡದು. ನಮ್ಮ ಕಾನೂನಾದರೂ ಎಂಥದು ನೋಡಿ! ಕ್ರೈಸ್ತನಾದ ಎಂದರೆ ಜಾತಿಯ ಸರ್ಟಿಫಿಕೇಟು ಹೋಗುತ್ತದೆ, ಜಾತಿ ಹೋಗುವುದಿಲ್ಲ. ಹಾಗಾಗಿ ಕಚೇರಿಯಲ್ಲಿ ಒಂದು ಬಾಯಿ, ಚರ್ಚಿನಲ್ಲಿ ಒಂದು ಬಾಯಿ ಇಟ್ಟುಕೊಂಡು ಬದುಕಿದವರು ಬಹಳ ಮಂದಿ. ಅವರನ್ನು ಅಣಕಿಸುವುದು ಸುಲಭ, ಅವರ ಜಾಗದಲ್ಲಿ ನಿಲ್ಲುವುದು ಕಷ್ಟ.

ಇಲ್ಲಿಗೆ ಹೊಸ ಅಯ್ಯಗಾರು ಬಂದರು. ಹೆಸರು ಯಶ್ವಂತ್, ಗುಂಟೂರು ಕಡೆಯವರು, ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿ ಬಂದ ಹುರುಪಿನ ಮನುಷ್ಯ. ಬಂದ ಮೊದಲ ತಿಂಗಳೇ ಭಾನುವಾರದ ಉಪದೇಶದಲ್ಲಿ, "ಯೇಸುವನ್ನು ಊರ ಹೊರಗೆ ಕೊಂದರು. ಹೊರಗೆ ನಿಂತವರು ಯಾರು ಎಂದು ಹುಡುಕದೆ ಅವನನ್ನು ಹುಡುಕಿದರೆ ಸಿಗುವುದಿಲ್ಲ," ಎಂದುಬಿಟ್ಟರು. ಬೆಂಚುಗಳಲ್ಲಿ ಕೆಮ್ಮು ಎದ್ದಿತು. ಕಮಿಟಿಯ ಕಾರ್ಯದರ್ಶಿ ಚಂದ್ರಮೌಳಿ ಗಾರು, ಬಂದರಿನ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಾಯಪ್ಪನವರಿಗೆ ಮಾತ್ರ ಆ ಮಾತು ಎದೆಗೆ ಹೊಕ್ಕಿತು.

ಯಶ್ವಂತ್ ಅಯ್ಯಗಾರು ಮನೆಗೂ ಬರತೊಡಗಿದರು, ಕನ್ನಡ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂಬ ಖುಷಿಯಿಂದ. ಒಂದು ಸಂಜೆ ಬಂದಾಗ ಬಾಗಿಲು ತೆರೆದೇ ಇತ್ತು. ಹಿಮಬಿಂದುವಿನ ಪುಟ್ಟ ಮಗಳು ಸಾಹಿತ್ಯ ಊಟ ಬೇಡವೆಂದು ಹಟ ಹಿಡಿದಿದ್ದಳು. ತಾಯಪ್ಪನವರು ಬಕೆಟ್ಟನ್ನು ಬೋರಲು ಹಾಕಿ, ಒಂದು ತುತ್ತಿಗೆ ಒಂದು ಬಡಿತದಂತೆ ಬಾರಿಸುತ್ತಿದ್ದರು. ಚರ್ಮದ ಹಲಗೆ ಮುಟ್ಟುವುದಿಲ್ಲ ಎಂದು ತಾನೇ ಮಾತು ಕೊಟ್ಟದ್ದು, ಪ್ಲಾಸ್ಟಿಕ್ಕಿನ ಬಕೆಟ್ಟಿಗೆ ಯಾವ ಸೈತಾನ?

"ಅಂಕಲ್, ಇದು ದಪ್ಪು ಅಲ್ವಾ?" ಅಯ್ಯಗಾರು ಹೊಸ್ತಿಲಲ್ಲೇ ನಿಂತು ಕೇಳಿದರು.

"ಇಲ್ರಿ, ಬಕೀಟು," ಎಂದು ತಾಯಪ್ಪನವರು ಕೋಲುಗಳನ್ನು ಬಚ್ಚಿಟ್ಟರು.

ಅಯ್ಯಗಾರು ಬಿಡಬೇಕಲ್ಲ! ಒಳಗೆ ಬಂದು ನೆಲದ ಮೇಲೇ ಕೂತರು. ತಮ್ಮ ಅಜ್ಜನೂ ದಪ್ಪಿನವರೇ, ಅವರದನ್ನೂ ಹೀಗೇ ಬಿಡಿಸಿದ್ದರು, ತಾನು ಜನ್ಮದಲ್ಲಿ ಒಂದನ್ನು ಕೈಯಲ್ಲಿ ಹಿಡಿದಿಲ್ಲ ಎಂದರು. ನವೆಂಬರಿನಲ್ಲಿ ದಲಿತ ವಿಮೋಚನೆಯ ಭಾನುವಾರ ಬರುತ್ತದೆ, ಬಿಷಪ್ಪರು ಬರುತ್ತಾರೆ, ಅವತ್ತು ನೀವು ಬಾರಿಸಬೇಕು ಎಂದರು. "ಅದು ಸೈತಾನನದಲ್ಲ ಅಂಕಲ್. ನಮ್ಮ ಜನರ ನೋವು ಅದರಲ್ಲಿದೆ. ದೇವರು ಆ ದಪ್ಪಿನಲ್ಲೇ ಮಾತಾಡ್ತಾರೆ."

ಸಿಟ್ಟೇ ಬಾರದ ತಾಯಪ್ಪನವರಿಗೆ ಆಗ ಬಂದ ಸಿಟ್ಟನ್ನು ನೋಡಿ ರಾಜ್ಯಲಕ್ಷ್ಮಿ ಅಡುಗೆಮನೆಯಿಂದ ಓಡಿ ಬಂದಳು.

"ಆವಾಗಿನ ಅಯ್ಯಗಾರು ಸೈತಾನ ಅಂದ್ರು, ಸುಟ್ಟೆ. ನಮ್ಮಪ್ಪನ ಮಣ್ಣಿಗೂ ಮುಟ್ಟಲಿಲ್ಲ. ಈಗ ನೀವು ಬಂದು ದೇವರು ಅಂತೀರಿ. ನಲವತ್ತು ವರ್ಷದಾಗ ದೇವರ ಮನಸ್ಸು ಬದಲಾತೇನ್ರಿ? ಓದಿದವರು ಸುಡು ಅಂದ್ರ ಸುಡಬೇಕು, ಬಾರಿಸು ಅಂದ್ರ ಬಾರಿಸಬೇಕು. ನನ್ನ ಯಾರು ಕೇಳಿದ್ರಿ?"

ಅಯ್ಯಗಾರು ಒಳ್ಳೆಯ ಮನುಷ್ಯನೇ, ವಾದಕ್ಕಿಳಿಯಲಿಲ್ಲ. "ಕೇಳಬೇಕಿತ್ತು," ಎಂದು ಎದ್ದು ಹೋದರು.

ಮರುದಿನ ಬಟ್ಟೆ ಒಣಹಾಕುತ್ತ ರಾಜ್ಯಲಕ್ಷ್ಮಿ ಮಾತು ತೆಗೆದಳು. ಅವಳ ಕನ್ನಡ ಗಂಡನಿಂದಲೇ ಕಲಿತದ್ದು, ರಾಯಚೂರಿನ ಕನ್ನಡಕ್ಕೆ ಕೃಷ್ಣಾ ನದಿಯ ತೆಲುಗು ಬೆರೆತದ್ದು.

"ಏಮಯ್ಯಾ, ಆ ಹುಡುಗನ ಮೇಲೆ ಯಾಕ ಹಾರಾಡಿದಿ? ಅವ ಏನು ಮಾಡ್ಯಾನ ಪಾಪ?"

"ಅವ ಏನೂ ಮಾಡಿಲ್ಲ."

"ನಿನ್ನ ಕೈ ನಿದ್ದ್ಯಾಗೂ ಬಡೀತಾವ, ಗೊತ್ತಾ? ನನ್ನ ಬೆನ್ನ ಮ್ಯಾಗ. ಇಷ್ಟು ವರ್ಷ ಸಹಿಸೀನಿ. ನಿಮ್ಮಪ್ಪನ ಬಡಿತ ಅದು, ನನಗ ತಿಳಿಯಂಗಿಲ್ಲಾ?" ಕ್ಲಿಪ್ಪು ಸಿಕ್ಕಿಸಿ ಅವರ ಕಡೆ ತಿರುಗಿದಳು. "ಒಂದ್ ಸಲ ಬಾರಿಸಿ ಮುಗಿಸಯ್ಯಾ. ಮಾವನೂ ಮಲಗ್ಲಿ, ನಾನೂ ಮಲಗ್ತೀನಿ."

ತಾಯಪ್ಪನವರಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಬಾಲ್ಕನಿಯಲ್ಲಿ ನಿಂತು ಹಸಿ ಸೀರೆಯ ಮರೆಯಲ್ಲಿ ಚೆನ್ನಾಗಿ ಅತ್ತರು.

ಆಮೇಲೆ ತಾವಾಗಿ ಅಯ್ಯಗಾರ ಮನೆಗೆ ಹೋದರು. "ಬಾರಿಸ್ತೀನ್ರಿ. ಬಿಷಪ್ಪರಿಗಲ್ಲ, ಭಾನುವಾರಕ್ಕೂ ಅಲ್ಲ. ಸತ್ತವರ ನೆನಸಿ ಪ್ರಾರ್ಥನಾ ಮಾಡ್ತೀರಲ್ಲ, ಅವಾಗ ಒಳಗ ನಿಂತು ನಮ್ಮಪ್ಪಗ ಒಂದ್ ಸಲ ಬಾರಿಸ್ತೀನಿ. ನಾ ಕೇಳೂದು ಅಷ್ಟೇ." ಯಶ್ವಂತ್ ಅಯ್ಯಗಾರು ಅವರ ಎರಡೂ ಕೈ ಹಿಡಿದುಕೊಂಡು ಆಗಲಿ ಎಂದರು.

ಆದರೆ ಚರ್ಚು ಅಯ್ಯಗಾರದಲ್ಲ, ಕಮಿಟಿಯದು. ಚಂದ್ರಮೌಳಿ ಗಾರು ಜೋರು ಮಾಡುವ ಪೈಕಿಯಲ್ಲ, ಮೆಲ್ಲಗೆ ಮಾತಾಡಿಯೇ ಕೆಲಸ ಕೆಡಿಸುವವರು. "ಒಳಗೆ ಆರಾಧನೆಯ ಘನತೆ ಒಂದಿದೆ. ಕೀಬೋರ್ಡ್ ಇದೆ, ಕ್ವಾಯರ್ ಇದೆ. ಈ ದಪ್ಪು ಗಿಪ್ಪು ಏನೆಂದು ನಮ್ಮ ಮನೆಗಳಲ್ಲಿ ಯಾರಿಗೂ ತಿಳಿಯದು. ನಮ್ಮ ಮಕ್ಕಳು ಏನೆಂದುಕೊಳ್ಳಬೇಕು?" ಎಂದರು. ಎರಡು ಗಂಟೆ ಚರ್ಚೆಯಾಗಿ ಒಂದು ರಾಜಿಯಾಯಿತು. ಹೊರಗೆ ಆಗಬಹುದು. ಗೇಟಿನಲ್ಲಿ ಬಿಷಪ್ಪರನ್ನು ದಪ್ಪಿನೊಂದಿಗೆ ಎದುರುಗೊಂಡು, ಮೆರವಣಿಗೆಯಲ್ಲಿ ಚರ್ಚಿನ ಬಾಗಿಲ ತನಕ ಕರೆತರುವುದು. ಬಾಗಿಲಿನಿಂದ ಒಳಗೆ ಕೀಬೋರ್ಡು.

ನಿಮಗೆ ಕಂಡಿತಲ್ಲ? ಅಲ್ಲಿ ಕೂತವರಿಗೆ ಕಾಣಲಿಲ್ಲ. ಊರ ಹೊರಗಿನವರ ಬಗ್ಗೆ ಬೆಂಗಳೂರಿನಲ್ಲಿ ಮೂರು ವರ್ಷ ಓದಿದ ಯಶ್ವಂತ್ ಅಯ್ಯಗಾರಿಗೂ ಕಾಣಲಿಲ್ಲ. ಪೂರ್ತಿ ಇಲ್ಲವೆನ್ನುವ ಕಡೆ ಅರ್ಧವಾದರೂ ಸಿಕ್ಕಿತಲ್ಲ ಎಂದು ಖುಷಿಯಾಗಿ ಬಂದು ಹೇಳಿದರು. "ಮುಂದಿನ ವರ್ಷ ಒಳಗೂ ಮಾಡಿಸ್ತೀನಿ ಅಂಕಲ್. ಈ ಸಲ ಎಲ್ಲರಿಗಿಂತ ಮುಂದೆ ನೀವೇ ನಡೀತೀರಿ."

ತಾಯಪ್ಪನವರು ಅವರ ಮುಖವನ್ನೇ ನೋಡಿದರು. ಮೊದಲಿನ ಸಿಟ್ಟು ಬರಲಿಲ್ಲ. "ಬಾಗಿಲ ತನಕ?" ಎಂದು ಕೇಳಿದರು. "ಹೌದು, ಬಾಗಿಲ ತನಕ." "ಆತು ಬಿಡ್ರಿ," ಎಂದರು. ಇಲ್ಲವೆಂದರೆ ಹಲಗೆ ಮುಟ್ಟುವ ಇದೊಂದು ದಾರಿಯೂ ಮುಚ್ಚೀತು ಎಂಬ ಹೆದರಿಕೆ, ಅಷ್ಟೆ.

ಹಿಮಬಿಂದುವಿಗೆ ವಿಷಯ ತಿಳಿದದ್ದು ಆಮೇಲೆ. "ನಾನ್ನಾ, ನನ್ನ ಸ್ಟೂಡೆಂಟ್ಸ್ ಮನೆಯವರೆಲ್ಲ ಬರ್ತಾರೆ. ನಾಳೆಯಿಂದ ನನ್ನ ಮುಖ ನೋಡೋ ರೀತಿನೇ ಬೇರೆ ಆಗತ್ತೆ. ನಿಮಗೆ ಗೊತ್ತಿಲ್ವಾ?" ಎಂದು ಅಪ್ಪನನ್ನು ಕೇಳಿದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತಾಯಪ್ಪನವರು, "ನಿನ್ನ ಅಜ್ಜನ ಮುಖ ಒಬ್ರೂ ನೋಡಲಿಲ್ಲವ್ವ," ಎಂದರು. ಅವಳು ಒಪ್ಪಲಿಲ್ಲ.

ಅಯ್ಯಗಾರು ಸಭೆಯೊಂದಕ್ಕೆ ವಿಜಯವಾಡಕ್ಕೆ ಹೋದವರು ಚರ್ಮದ ಒಂದು ಹಲಗೆ ತಂದರು. ಈಗೀಗ ಪ್ಲಾಸ್ಟಿಕ್ ಹಾಳೆಯವೂ ಬರುತ್ತವೆ, ಬೆಂಕಿ ತೋರಿಸುವ ಗೊಡವೆಯಿಲ್ಲ. ಇದು ಹಾಗಲ್ಲ, ಕಾಯಿಸಿದರೇ ದನಿ. ಭಾನುವಾರ ಬೆಳಿಗ್ಗೆ ಚರ್ಚಿನ ಹಿಂದೆ ಒಣಗಿದ ತೆಂಗಿನ ಗರಿ ಕೂಡಿಹಾಕಿ ತಾಯಪ್ಪನವರು ಸಣ್ಣ ಉರಿ ಮಾಡಿದರು. ಹಲಗೆಯನ್ನು ಅದರ ಮೇಲೆ ಆಡಿಸುತ್ತ ನಿಂತರು. ಚರ್ಮದ ಬಿಸಿ ವಾಸನೆ ಏರಿತು. ನದಿಯ ಮರಳಿನ ಬೆಂಕಿ ನೆನಪಾಯಿತು. ಬೆರಳಿನಿಂದ ತಟ್ಟಿ ನೋಡಿದರು. ಠಣ್ ಎಂದಿತು.

ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಹಲಗೆ. ಗೇಟಿನಲ್ಲಿ ಬಿಷಪ್ಪರ ಕಾರು ನಿಂತಿತು. ಕ್ವಾಯರಿನ ಮಕ್ಕಳು ಎರಡು ಸಾಲಾದರು, ಹಿಂದೆ ಕಮಿಟಿಯವರು ಹಾರ ಹಿಡಿದು ನಿಂತರು. ಯಶ್ವಂತ್ ಅಯ್ಯಗಾರು ಕಣ್ಣಿನಲ್ಲೇ ಸನ್ನೆ ಮಾಡಿದರು.

ತಾಯಪ್ಪನವರು ಹಿಡಿದರು. ನಲವತ್ತು ವರ್ಷ ಕಟ್ಟಿಹಾಕಿದ ಕೈಗಳು, ಎಡವಲಿಲ್ಲ ನೋಡಿ, ಒಂದೇ ಒಂದು ಪೆಟ್ಟೂ ತಪ್ಪಲಿಲ್ಲ! ಎದುರುಗೊಳ್ಳುವ ಬಡಿತ ಕಾಂಪೌಂಡನ್ನೆಲ್ಲ ತುಂಬಿತು. ಆಚೆ ರಸ್ತೆಯಲ್ಲಿ ಸ್ಕೂಟರಿನವರು ನಿಂತು ನೋಡಿದರು. ಕ್ವಾಯರಿನ ಮಕ್ಕಳು ಕಾಲು ತಡೆಯಲಾಗದೆ ಕುಣಿಯುತ್ತ ನಡೆದರು. ಬಿಷಪ್ಪರು ನಗುತ್ತ ಕೈ ಬೀಸಿದರು. ತಾಯಪ್ಪನವರಿಗೂ ಹಿಗ್ಗೇ ಆಯಿತು, ಸುಳ್ಳು ಯಾಕೆ ಹೇಳಬೇಕು? ಕೈಗೆ ಹಲಗೆ ಸಿಕ್ಕ ಹಿಗ್ಗು.

ಚರ್ಚಿನ ಮೆಟ್ಟಿಲ ತನಕ ಬಂದರು. ಬಡಿತ ಕತ್ತರಿಸಿದ ಹಾಗೆ ನಿಂತಿತು. ಕಾಲು ಪಕ್ಕಕ್ಕೆ ಸರಿಯಿತು. ಅವರು ನಿಲ್ಲಿಸಿದ್ದಲ್ಲ, ಸರಿದದ್ದೂ ಅಲ್ಲ. ಅದು ತಾನಾಗಿ ಆದದ್ದು. ಬಿಷಪ್ಪರು ಒಳಗೆ ಹೋದರು, ಅಯ್ಯಗಾರು ಹೋದರು, ಹಾರದವರು ಹೋದರು, ಮಕ್ಕಳು ಹೋದರು. ಒಳಗೆ ಕೀಬೋರ್ಡು ಶುರುವಾಯಿತು.

ಇನ್ನು ತಾನೂ ಹೋಗಿ ಕಂಬದ ಪಕ್ಕ ಕೂರುವುದು, ಅಷ್ಟೇ ತಾನೇ? ತಾಯಪ್ಪನವರು ಕಾಲೆತ್ತಲು ನೋಡಿದರು. ಕಾಲು ಬರಲಿಲ್ಲ. ವರ್ಷಗಟ್ಟಲೆ ಪ್ರತಿ ಭಾನುವಾರ ಹತ್ತಿ ಹೋದ ಅದೇ ಮೆಟ್ಟಿಲು. ಹಲಗೆಯನ್ನು ಕೆಳಗಿಟ್ಟರೆ ಈಗಲೂ ಹತ್ತಬಹುದು, ಅದು ಅವರಿಗೆ ಗೊತ್ತಿತ್ತು. ಹಲಗೆ ಹೆಗಲಿಗಿದ್ದರೆ ಮಾತ್ರ ಆಗದು. ಅವರ ಕಾಲುಗಳಿಗೆ ಇದು ಚರ್ಚಲ್ಲ, ಗುಡಿಯ ಮೆಟ್ಟಿಲು. ಥೂ ನಿನ್ನ, ಎಂದು ತಮ್ಮ ಕಾಲುಗಳನ್ನೇ ಬೈದುಕೊಂಡರು. ಬಿಸಿಲು ನೆತ್ತಿಗೆ ಹೊಡೆಯಿತು.

ಒಳಗೆ ಬಿಷಪ್ಪರ ಪಕ್ಕ ನಿಂತ ಯಶ್ವಂತ್ ಅಯ್ಯಗಾರು ಆಗ ತಿರುಗಿ ನೋಡಿದರು. ತೆರೆದ ಬಾಗಿಲಿನ ಆಚೆ, ಮೆಟ್ಟಿಲ ಪಕ್ಕ, ಹೆಗಲಿಗೆ ಹಲಗೆ ಹಾಕಿಕೊಂಡು ನಿಂತ ಮುದುಕರು ಕಂಡರು. ಮೆರವಣಿಗೆ ಒಳಗೆ, ಬಾರಿಸಿದವರು ಹೊರಗೆ. ಅಯ್ಯಗಾರಿಗೆ ಆಗ ಗೊತ್ತಾಯಿತು, ತಾನು ಏನು ಮಾಡಿದೆ ಎಂದು. ಬಿಷಪ್ಪರಿಗೆ ಏನೋ ಹೇಳಿ ನಡುವಿನ ದಾರಿಯಲ್ಲಿ ಬಾಗಿಲ ಕಡೆ ಹೊರಟರು.

ಅಷ್ಟರಲ್ಲಿ ಹೆಂಗಸರ ಸಾಲಿನಿಂದ ರಾಜ್ಯಲಕ್ಷ್ಮಿ ಎದ್ದು ಬಂದಿದ್ದಳು. ಹೊಸ್ತಿಲ ಒಳಗೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏಮಯ್ಯಾ, ಅಲ್ಲೇ ಯಾಕ ನಿಂತಿ?"

"ಕಾಲು ಬರವಲ್ದೇ," ಎಂದರು ತಾಯಪ್ಪನವರು. ಅವರ ದನಿ ಸಣ್ಣ ಹುಡುಗನದಾಗಿತ್ತು. "ಹಲಗಿ ತಗೊಂಡು ಮೆಟ್ಟಿಲು ಹತ್ತವಲ್ದು."

ರಾಜ್ಯಲಕ್ಷ್ಮಿ ಅವರನ್ನು ನೋಡಿದಳು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದಳು. "ಇದು ಹತ್ತುವ ಬಡಿತ ಅಲ್ಲಯ್ಯಾ. ನಿಲ್ಲದ ಬಡಿತ ಒಂದು ಐತಲ್ಲ, ಅದನ್ನ ಹಿಡಿ."

ತಾಯಪ್ಪನವರು ಕಣ್ಣು ಮುಚ್ಚಿದರು. ಬೆನ್ನ ಮೇಲೆ ಬೆರಳುಗಳು ತಟ್ಟಿದ ಹಾಗಾಯಿತು. ಇದು ಯಾವುದು ಹೇಳು, ಎಂದ ಹಾಗಾಯಿತು. ಎಡಗೈಯ ಸೀಳು ಚರ್ಮದ ಮೇಲೆ ಎದ್ದಿತು, ಬಲಗೈಯ ಕೋಲು ನಿಧಾನವಾಗಿ ಇಳಿಯಿತು. ಮಣ್ಣಿನ ಬಡಿತ. ಅದು ಹಿಡಿದ ಮೇಲೆ ನಿಲ್ಲುವ ಪ್ರಶ್ನೆಯೇ ಇಲ್ಲ, ಕಾಲಿಗೂ ಅದು ಗೊತ್ತು. ಕಾಲು ಎದ್ದಿತು. ಒಂದು ಮೆಟ್ಟಿಲು, ಇನ್ನೊಂದು, ಹೊಸ್ತಿಲು. ರಾಜ್ಯಲಕ್ಷ್ಮಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಡುದಾರಿಯಲ್ಲಿ ಎದುರಾದ ಯಶ್ವಂತ್ ಅಯ್ಯಗಾರೂ ಸರಿದರು. ಕೀಬೋರ್ಡಿನ ಹುಡುಗಿ ಕೈ ತೆಗೆದಳು. ಚರ್ಚಿನ ಒಳಗೆ, ಆ ಕಾಂಕ್ರೀಟಿನ ಸೂರಿನ ಕೆಳಗೆ, ಹಲಗೆಯೊಂದೇ ಮಾತಾಡಿತು.

ಮಕ್ಕಳು ಪಿಳಿಪಿಳಿ ನೋಡಿದರು. ದೊಡ್ಡವರು ಹಾಗೆ ನೋಡಲಿಲ್ಲ. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಮೊದಲು ಎದ್ದಳು, ಆಮೇಲೆ ಬ್ಯಾಂಕಿನ ಮ್ಯಾನೇಜರು, ಆಮೇಲೆ ಕಾಲೇಜಿನ ಪ್ರಿನ್ಸಿಪಾಲರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ತಮ್ಮ ಮನೆಗಳಲ್ಲಿ ಯಾರಿಗೂ ತಿಳಿಯದು ಎಂದಿದ್ದ ಜನ ಬೆಂಚು ಬೆಂಚಾಗಿ ಎದ್ದು ನಿಂತರು. ಹಿಮಬಿಂದು ಎದ್ದಳು, ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು, ತಲೆ ತಗ್ಗಿಸಲಿಲ್ಲ.

ಮುಂದಿನ ಬೆಂಚಿನಲ್ಲಿ ಚಂದ್ರಮೌಳಿ ಗಾರು ಎದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅವರು ಎರಡೂ ಕೈಗಳನ್ನು ಜೋಡಿಸಿಕೊಂಡಿದ್ದರು. ಹಲಗೆ ಹತ್ತಿರ ಬಂದಾಗ ಅವರ ಬಾಯಿಂದ, ಕಮಿಟಿಯ ಮೀಟಿಂಗಿನಲ್ಲಿ ಎಂದೂ ಕೇಳದ ಹಳ್ಳಿಯ ತೆಲುಗಿನಲ್ಲಿ, ಎಂದೋ ಬಾಲ್ಯದಲ್ಲಿ ಕಲಿತ ಮಾತು ಹೊರಬಿತ್ತು.

"ಎವರು ಪೋಯಾರು?" ಯಾರು ಹೋದರು?

ಕೈ ನಿಲ್ಲಿಸಬಾರದು. ತಾಯಪ್ಪನವರು ಬಾರಿಸುತ್ತಲೇ, ಕಣ್ಣೀರು ಇಳಿಯುತ್ತಿದ್ದ ಮುಖವನ್ನು ಅವರ ಕಡೆ ತಿರುಗಿಸಿ, ತಮ್ಮ ಊರಿನ ಮಾತಿನಲ್ಲೇ ಹೇಳಿದರು.

"ನಮ್ಮಪ್ಪರೀ. ಇವತ್ತು ಮಣ್ಣು."

ಚಂದ್ರಮೌಳಿ ಗಾರಿಗೆ ಕನ್ನಡ ಬರುವುದಿಲ್ಲ. ಅವರು ಬೆಂಚಿನಿಂದ ಹೊರಗೆ ಬಂದು ತಾಯಪ್ಪನವರ ಹಿಂದೆ ನಡೆದರು.